ಮೂಗಿಗೆ ಮೊದಲ ಮಣೆ

ಕನ್ನಡಕದ ಅಂಗಡಿಯಲ್ಲಿ ಫ್ರೇಮ್ ಆರಿಸುವವರ ಕಷ್ಟ ಶುರುವಾಗುವುದು ಕನ್ನಡಿಯ ಮುಂದೆ. ಪವರ್ ಹೆಚ್ಚಿರುವವರು ಹಳೆಯ ಕನ್ನಡಕ ತೆಗೆದಿಟ್ಟು ಹೊಸ ಫ್ರೇಮ್ ಏರಿಸಿಕೊಂಡರೆ ತಮ್ಮ ಮುಖವೇ ತಮಗೆ ಮಂಜು. ಅದರಲ್ಲಿರುವುದು ಪವರ್ ಇಲ್ಲದ ಡಮ್ಮಿ ಗ್ಲಾಸು. ಮೂಗು ಕನ್ನಡಿಗೆ ತಗಲುವಷ್ಟು ಹತ್ತಿರ ಹೋದರೂ ಕಾಣುವುದು ಅರ್ಧ ಮುಖ. ಕೊನೆಗೆ ಜೊತೆಗೆ ಬಂದ ಹೆಂಡತಿಯೋ ಮಗಳೋ ‘ಇದು ಚೆನ್ನಾಗಿದೆ’ ಎಂದರೆ ಅದೇ ಖಾಯಂ. ಮೊಬೈಲ್ ಬಂದ ಮೇಲೆ ಇದಕ್ಕೊಂದು ದಾರಿಯಾಗಿದೆ. ಒಂದೊಂದು ಫ್ರೇಮಿನಲ್ಲೂ ಎದುರಿನಿಂದ, ಪಕ್ಕದಿಂದ ಫೋಟೊ ತೆಗೆಸಿಕೊಂಡು, ಆಮೇಲೆ ಹಳೆಯ ಕನ್ನಡಕ ಹಾಕಿಕೊಂಡು ಸಾವಧಾನವಾಗಿ ನೋಡಬಹುದು.

ಅಷ್ಟರಲ್ಲಿ ಯಾವ ಮುಖಕ್ಕೆ ಯಾವ ಫ್ರೇಮ್ ಎಂದು ಹೇಳುವ ಗೋಡೆಯ ಮೇಲಿನ ಪಟವೂ ಕಣ್ಣಿಗೆ ಬಿದ್ದಿರುತ್ತದೆ. ದುಂಡು ಮುಖಕ್ಕೆ ಮೂಲೆಗಳಿರುವ ಫ್ರೇಮ್, ಚೌಕ ದವಡೆಗೆ ದುಂಡನೆಯದು, ಉದ್ದ ಮುಖಕ್ಕೆ ಎತ್ತರ ಹೆಚ್ಚಿರುವುದು, ಅಗಲ ಹಣೆ ಚೂಪು ಗಲ್ಲದವರಿಗೆ ಮೇಲಂಚು ತೆಳುವಾದದ್ದು ಅಥವಾ ರಿಮ್‌ಲೆಸ್. ಮೊಟ್ಟೆಯಾಕಾರದ ಮುಖದವರಿಗೆ ಯಾವುದಾದರೂ ಸರಿ. ಮುಖದಲ್ಲಿ ಯಾವ ಗೆರೆ ಕಡಿಮೆಯಿದೆಯೋ ಅದನ್ನು ಫ್ರೇಮ್ ತುಂಬಿಕೊಡಬೇಕು ಎಂಬುದು ಇದರ ಹಿಂದಿರುವ ಲೆಕ್ಕ. ಮಾತು ಸುಳ್ಳಲ್ಲ. ಆದರೆ ಅಂಬೇಡ್ಕರ್ ಅವರ ಭಾವಚಿತ್ರವನ್ನು ನೆನೆಸಿಕೊಳ್ಳಿ. ತುಂಬು ಮುಖ, ಅದಕ್ಕೆ ದುಂಡು ಕನ್ನಡಕ. ಪಟದ ಪ್ರಕಾರ ಅದು ಕೂಡದು. ಆ ಕನ್ನಡಕವಿಲ್ಲದೆ ಆ ಮುಖವನ್ನು ಊಹಿಸಿಕೊಳ್ಳಲು ನಮ್ಮಿಂದಾಗದು. ಆಕಾರವನ್ನೇ ಮೊದಲು ಹಿಡಿದು ಹೊರಟರೆ ಆಯ್ಕೆ ದಾರಿ ತಪ್ಪುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕೈ ಪಳಗಿದ ಆಪ್ಟಿಶಿಯನ್, ಗಿರಾಕಿ ಕುರ್ಚಿಯಲ್ಲಿ ಕೂತ ಕೂಡಲೇ ನೋಡುವುದು ಮೂಗನ್ನು.

ಇದರ ಕಾರಣ ಕನ್ನಡಕದ ಹುಟ್ಟಿನಲ್ಲೇ ಇದೆ. 13ನೇ ಶತಮಾನದ ಕೊನೆಯಲ್ಲಿ ಇಟಲಿಯಲ್ಲಿ ಹುಟ್ಟಿದ ಕನ್ನಡಕಕ್ಕೆ ಕಡ್ಡಿಗಳೇ ಇರಲಿಲ್ಲ. ಟ್ರೆವಿಸೊ ಎಂಬ ಊರಿನ ಮಠದ ಗೋಡೆಯ ಮೇಲೆ ಟೊಮಾಸೊ ದ ಮೊದೆನ 1352ರಲ್ಲಿ ಬರೆದ ಚಿತ್ರದಲ್ಲಿ ಧರ್ಮಗುರುವೊಬ್ಬರು ಅದನ್ನು ಮೂಗಿಗೆ ಸಿಕ್ಕಿಸಿಕೊಂಡು ಬರೆಯುತ್ತ ಕೂತಿದ್ದಾರೆ. ಕಿವಿಯ ಕಡೆಗೆ ಚಾಚುವ ಕಡ್ಡಿ ಬಂದದ್ದು 18ನೇ ಶತಮಾನದಲ್ಲಿ. ಅಲ್ಲಿಯವರೆಗೆ ಭಾರ ಹೊತ್ತದ್ದು ಹೆಚ್ಚಾಗಿ ಮೂಗೇ. ಇವತ್ತಿಗೂ ಬಹುಪಾಲು ಅದರದ್ದೇ. ಡಾ. ಎಂ.ಸಿ. ಮೋದಿ ಅವರು ಊರೂರಿಗೆ ಹೋಗಿ ಶಿಬಿರ ಹಾಕಿ ಕಣ್ಣಿನ ಪೊರೆ ತೆಗೆಯುತ್ತಿದ್ದ ಕಾಲದವರಿಗೆ ಇದು ಚೆನ್ನಾಗಿ ಗೊತ್ತು. ಕಣ್ಣಿನೊಳಗೇ ಲೆನ್ಸ್ ಕೂರಿಸುವ ಪದ್ಧತಿ ಬಳಕೆಗೆ ಬರುವ ಮುಂಚೆ, ಪೊರೆ ತೆಗೆಸಿಕೊಂಡ ಅಜ್ಜ ಅಜ್ಜಿಯರಿಗೆ ಪ್ಲಸ್ 10ರ ಆಸುಪಾಸಿನ ದಪ್ಪ ಗ್ಲಾಸೇ ಗತಿ. ಭಾರಕ್ಕೆ ಜಾರುವ ಕನ್ನಡಕಕ್ಕೆ ದಾರ ಕಟ್ಟಿ ತಲೆಯ ಹಿಂದೆ ಗಂಟು ಹಾಕಿಕೊಳ್ಳುತ್ತಿದ್ದರು.

ನಮ್ಮಲ್ಲಿ ಬಹಳ ಜನರ ಮೂಗು ಬುಡದಲ್ಲಿ, ಅಂದರೆ ಎರಡು ಕಣ್ಣುಗಳ ನಡುವೆ, ತಗ್ಗು. ಎತ್ತರದ ಮೂಗನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ದಪ್ಪ ಪ್ಲಾಸ್ಟಿಕ್ಕಿನ ಶೆಲ್ ಫ್ರೇಮ್ ಅಲ್ಲಿ ನಿಲ್ಲುವುದಿಲ್ಲ. ಕೆಳಂಚು ಕೆನ್ನೆಗೆ ತಗಲುತ್ತದೆ, ನಕ್ಕರೆ ಕನ್ನಡಕವೇ ಮೇಲೇಳುತ್ತದೆ. ಮಂಗಳೂರು, ಕಾರವಾರದ ಬೆವರಿನಲ್ಲಂತೂ ಅದನ್ನು ಬೆರಳಿನಿಂದ ಮೇಲಕ್ಕೆ ತಳ್ಳುವುದೇ ದಿನದ ಕೆಲಸ. ಇಂಥವರಿಗೆ ಬೇಕಾದಂತೆ ಬಗ್ಗಿಸಬಹುದಾದ ಸಿಲಿಕೋನ್ ಪ್ಯಾಡ್ ಇರುವ ಮೆಟಲ್ ಫ್ರೇಮ್ ವಾಸಿ. ಶೆಲ್ಲೇ ಬೇಕೆಂದರೆ ಮೂಗಿನ ಹತ್ತಿರ ದಪ್ಪಗಿರುವುದನ್ನು ಕೇಳಿ ತೆಗೆದುಕೊಳ್ಳಬೇಕು. ನೀಳ ಮೂಗಿನವರಿಗೆ ಬ್ರಿಡ್ಜ್, ಅಂದರೆ ಎರಡು ಗ್ಲಾಸುಗಳನ್ನು ಕೂಡಿಸುವ ಸೇತುವೆ, ತುಸು ಕೆಳಗಿರುವುದು ಒಪ್ಪುತ್ತದೆ, ಮೂಗಿನ ಉದ್ದ ಕಡಿಮೆಯಾದಂತೆ ಕಾಣುತ್ತದೆ.

ಮೂಗಾದ ಮೇಲೆ ಅಳತೆ. ಯಾವುದೇ ಫ್ರೇಮಿನ ಕಡ್ಡಿಯ ಒಳಮೈ ನೋಡಿ. 52, 18, 140 ಎಂಬಂಥ ಅಂಕಿಗಳಿರುತ್ತವೆ. ಗ್ಲಾಸಿನ ಅಗಲ, ಬ್ರಿಡ್ಜಿನ ಅಗಲ, ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರಿನಲ್ಲಿ. ಎರಡು ಕಣ್ಣುಪಾಪೆಗಳ ನಡುವಿನ ಅಂತರಕ್ಕೆ ಅಂಗಡಿಯವರು ಪಿಡಿ ಎನ್ನುತ್ತಾರೆ. ನಿಮ್ಮ ಪಿಡಿ 62 ಎಂದಿಟ್ಟುಕೊಳ್ಳಿ. ಈ ಫ್ರೇಮಿನಲ್ಲಿ ಎರಡು ಗ್ಲಾಸುಗಳ ನಡುಮಧ್ಯದ ಅಂತರ 52ಕ್ಕೆ 18 ಕೂಡಿಸಿ 70. ಹಾಗಾಗಿ ಒಂದೊಂದು ಕಡೆಯೂ ಗ್ಲಾಸಿನ ಕೇಂದ್ರವನ್ನು 4 ಮಿ.ಮೀ. ಮೂಗಿನತ್ತ ಸರಿಸಿ ಕತ್ತರಿಸಬೇಕು. ಮೈನಸ್ ಗ್ಲಾಸು ನಡುವೆ ತೆಳು, ಅಂಚಿಗೆ ದಪ್ಪ. ಮೂಗಿನತ್ತ ಸರಿಸಿದಷ್ಟೂ ಕಿವಿಯ ಕಡೆಯ ಅಂಚು ದಪ್ಪವಾಗುತ್ತ ಹೋಗುತ್ತದೆ. ಅದೇ 46–18ರ ಫ್ರೇಮಾದರೆ ಮೊತ್ತ 64, ಸರಿಸಬೇಕಾದ್ದು ಒಂದೇ ಮಿಲಿಮೀಟರ್. ಗ್ಲಾಸು ತೆಳುವಾಗುತ್ತದೆ, ಹಗುರಾಗುತ್ತದೆ, ಕಣ್ಣು ಫ್ರೇಮಿನ ನಟ್ಟನಡುವೆ ಬರುತ್ತದೆ.

ಶಾಲೆಯಲ್ಲಿ ‘ಸೋಡಾಬುಡ್ಡಿ’ ಎಂದು ಕರೆಸಿಕೊಂಡು ಕನ್ನಡಕವನ್ನೇ ಬ್ಯಾಗಿನಲ್ಲಿ ಬಚ್ಚಿಡುವ ಮಕ್ಕಳಿದ್ದಾರೆ. ಅವರ ಅಪ್ಪ ಅಮ್ಮ ಈ ಕೂಡಿಸುವ ಕಳೆಯುವ ಲೆಕ್ಕವನ್ನು ತಿಳಿದಿರಲೇಬೇಕು. ಮೈನಸ್ 6ರ ಮಗುವಿಗೆ ಫ್ಯಾಷನ್ ಎಂದು ಅಗಲದ ಫ್ರೇಮ್ ಕೊಡಿಸಿದರೆ ಅಂಚು ಇನ್ನಷ್ಟು ದಪ್ಪವಾಗಿ ಎದ್ದು ಕಾಣುತ್ತದೆ. ಚಿಕ್ಕದಾದ, ಮೂಲೆಗಳು ದುಂಡಗಿರುವ ಶೆಲ್ ಫ್ರೇಮ್ ಕೊಡಿಸಿ. ಗ್ಲಾಸಿನ ಅಂಚು ಅದರೊಳಗೇ ಮುಚ್ಚಿಹೋಗುತ್ತದೆ. ಇಷ್ಟು ಪವರಿಗೆ ರಿಮ್‌ಲೆಸ್ ಆಗಲಿ, ಕೆಳಂಚಿಗೆ ರಿಮ್ ಬದಲು ದಾರವಿರುವ ಸುಪ್ರಾ ಆಗಲಿ ಬೇಡ. ಅದೇ ಪವರಿಗೆ ತೆಳುವಾಗುವ 1.67 ಇಂಡೆಕ್ಸಿನ ದುಬಾರಿ ಗ್ಲಾಸಿಗೆ ದುಡ್ಡು ಸುರಿಯುವುದು ಆಮೇಲಿನ ಮಾತು.

ಇದೆಲ್ಲ ಮುಗಿದ ಮೇಲೆ ಗೋಡೆಯ ಪಟ ಉಪಯೋಗಕ್ಕೆ ಬರುತ್ತದೆ. ಆಗಲೂ ಪಟದಲ್ಲಿಲ್ಲದ ಕೆಲವು ಸಂಗತಿಗಳಿವೆ. ಫ್ರೇಮಿನ ಮೇಲಂಚು ಹುಬ್ಬಿನ ಗೆರೆಯನ್ನೇ ಹಿಡಿದು ಹೋದರೆ ಮುಖ ಶಾಂತವಾಗಿ ಕಾಣುತ್ತದೆ. ಹುಬ್ಬಿನ ಮೇಲೆ ಹತ್ತಿ ಕೂತರೆ ಸದಾ ಅಚ್ಚರಿಗೊಂಡಂತೆ. ಗಡ್ಡ ಬಿಟ್ಟವರ ಮುಖದ ಆಕಾರ ಗಡ್ಡದ ಜೊತೆಗೇ ಬದಲಾಗಿರುತ್ತದೆ. ಓಲೆ, ಮಾಟಿ ಹಾಕುವವರು ಅವನ್ನು ಹಾಕಿಕೊಂಡೇ ಹೋಗಿ ಕಡ್ಡಿ ಸಿಕ್ಕಿಕೊಳ್ಳುವುದೇ ಎಂದು ನೋಡಬೇಕು. ಸ್ಕೂಟರ್ ಓಡಿಸುವವರಿಗೆ ತೆಳ್ಳಗಿನ ನೇರ ಕಡ್ಡಿಯೇ ಸರಿ, ದಪ್ಪ ಕಡ್ಡಿಯನ್ನು ಹೆಲ್ಮೆಟ್ ಒತ್ತಿ ಒತ್ತಿ ಕಿವಿಯ ಮೇಲೆ ನೋವು ತರುತ್ತದೆ. ಚಾಳೀಸು ಬಂದು, ದೂರಕ್ಕೂ ಓದಿಗೂ ಒಂದೇ ಆದ ಪ್ರೋಗ್ರೆಸಿವ್ ಗ್ಲಾಸು ಹಾಕಿಸುವವರು ಎತ್ತರವಿಲ್ಲದ ಪಟ್ಟಿ ಫ್ರೇಮ್ ಆರಿಸಿದರೆ ಓದುವ ಪವರಿಗೆ ಜಾಗವೇ ಉಳಿಯುವುದಿಲ್ಲ.

ಆಪ್ಟಿಶಿಯನ್ನಿನ ನಿಜವಾದ ಕೈಚಳಕ ಕಾಣುವುದು ಆಮೇಲೆ. ನಿಮ್ಮ ಎದುರಿಗೆ, ಕಣ್ಣಿಗೆ ಕಣ್ಣು ಸಮನಾಗುವಂತೆ ಕೂತು, ಸ್ಕೇಲನ್ನು ಮೂಗಿನ ಮೇಲೆ ಅಡ್ಡಲಾಗಿ ಹಿಡಿಯುತ್ತಾರೆ. ತಮ್ಮ ಒಂದು ಕಣ್ಣು ಮುಚ್ಚಿ ನಿಮ್ಮ ಒಂದು ಪಾಪೆಯ ಅಳತೆ, ಇನ್ನೊಂದು ಮುಚ್ಚಿ ಇನ್ನೊಂದರದ್ದು. ಈ ಅಳತೆ ತಪ್ಪಿದರೆ ಪವರ್ ಸರಿಯಿದ್ದರೂ ತಲೆನೋವು ಬಿಡುವುದಿಲ್ಲ. ಕನ್ನಡಕ ತಯಾರಾಗಿ ಬಂದಾಗ ಕಡ್ಡಿ ಬಿಚ್ಚಿ, ತಲೆಕೆಳಗಾಗಿ ಕೌಂಟರಿನ ಗಾಜಿನ ಮೇಲಿಡುತ್ತಾರೆ. ಒಂದು ಮೂಲೆ ಅಲ್ಲಾಡಿದರೂ ಫ್ರೇಮ್ ಸೊಟ್ಟಗಿದೆ ಎಂದರ್ಥ. ಶೆಲ್ ಕಡ್ಡಿಯ ತುದಿಯನ್ನು ಬಿಸಿಗಾಳಿಯ ಹೀಟರಿಗೆ ಹಿಡಿದು, ಮೆತ್ತಗಾಯಿತೆಂದು ಬೆರಳಿಗೆ ಗೊತ್ತಾದ ಗಳಿಗೆಯಲ್ಲಿ ಬಗ್ಗಿಸುತ್ತಾರೆ. ಆ ತಿರುವು ಕಿವಿಯ ನೆತ್ತಿ ದಾಟಿದ ಕೂಡಲೇ ಶುರುವಾಗಬೇಕು. ಮುಂಚೆಯೇ ಬಂದರೆ ಕಿವಿಯ ಹಿಂದೆ ಕೆಂಪಗೆ ಗಾಯ, ತಡವಾದರೆ ಕನ್ನಡಕ ಜಾರುತ್ತದೆ. ಓದುವಾಗ ಕಣ್ಣು ಕೆಳಕ್ಕೆ ಇಳಿಯುವುದರಿಂದ ಫ್ರೇಮಿನ ಕೆಳಂಚನ್ನು ಕೆನ್ನೆಯ ಕಡೆಗೆ ಒಂದಿಷ್ಟು ವಾಲಿಸುತ್ತಾರೆ. ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ತರಿಸಿದ ಕನ್ನಡಕದ ಪೆಟ್ಟಿಗೆಯಲ್ಲಿ ಈ ಕೆಲಸ ಸೇರಿ ಬರುವುದಿಲ್ಲ.

ಆದ್ದರಿಂದ ಅಂಗಡಿಗೆ ಬಿಡುವು ಮಾಡಿಕೊಂಡು ಹೋಗಿ. ಹಳೆಯ ಕನ್ನಡಕವನ್ನೂ ಪವರ್ ಚೀಟಿಯನ್ನೂ ಒಯ್ಯಿರಿ; ಚೀಟಿಯ ಮೇಲೆ ಪಿಡಿ ಬರೆಸಿಕೊಳ್ಳಿ. ಹೊಸದು ಕೈಗೆ ಬಂದ ಕೂಡಲೇ ಡಬ್ಬಿಯಲ್ಲಿ ಹಾಕಿಸಿಕೊಂಡು ಹೊರಡಬೇಡಿ. ಅಲ್ಲೇ ಹಾಕಿಕೊಂಡು ಬಗ್ಗಿ ನೋಡಿ, ಒಮ್ಮೆ ನಗಿ, ಪೇಪರಿನ ಒಂದು ಕಾಲಂ ಓದಿ. ಜಾರಿದರೂ ಒತ್ತಿದರೂ ವಾಪಸ್ ಕೊಟ್ಟು ಸರಿ ಮಾಡಿಸಿಕೊಳ್ಳಿ. ಕೇಳಲು ಸಂಕೋಚ ಬೇಡ.