ಸಂಗೀತದ ಕೂಟದಾಟಗಳು: ಕಂಪ್ಯೂಟರೋ, ಕನ್ಸೋಲೋ?
ಹಣ ಹೂಡುವ ಮುನ್ನ ವರ್ತಕ ಬಾಂಧವರು ಗಮನಿಸಬೇಕಾದ ಅಂಶಗಳು

ಅಂಕೋಲಾದಿಂದ ಯಲ್ಲಾಪುರದ ಮಾರ್ಗವಾಗಿ ಹುಬ್ಬಳ್ಳಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿರುವ ಅಗಸೂರಿನಂಥ ಗ್ರಾಮಗಳಿಂದ ಮೊದಲ್ಗೊಂಡು ಕಾರವಾರದ ಕಡಲತೀರದವರೆಗೆ, ಪ್ರವಾಸಿಗರನ್ನು ನೆಚ್ಚಿಕೊಂಡ ಉದ್ಯಮಗಳಿಗೆಲ್ಲ ಒಂದು ಸಮಾನ ಸಮಸ್ಯೆಯಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗಿಳಿಯುವಂತಿಲ್ಲ, ಜಲಪಾತಗಳ ಬಳಿ ಸುಳಿಯುವುದೂ ಕ್ಷೇಮವಲ್ಲ. ಮಳೆಯಲ್ಲಿ ಒಳಗೇ ಕುಳಿತ ಅತಿಥಿಗಳಿಗೆ ಏನಾದರೊಂದು ವಿನೋದವನ್ನು ಒದಗಿಸಬೇಕಾಗುತ್ತದೆ. ಹೋಂ ಸ್ಟೇ, ರೆಸಾರ್ಟ್ ಮತ್ತು ಸಮಾರಂಭ ಸಭಾಂಗಣಗಳನ್ನು ನಡೆಸುವವರು ಈ ಉದ್ದೇಶಕ್ಕೆ ಯೋಚಿಸುವ ಸಾಧನಗಳಲ್ಲಿ ಸಂಗೀತದ ಕೂಟದಾಟಗಳೂ ಸೇರಿವೆ. ಪರದೆಯ ಮೇಲೆ ಮೂಡುವ ಸಾಹಿತ್ಯವನ್ನು ನೋಡಿ ಹಾಡುವುದು, ಆಟಿಕೆಯ ಗಿಟಾರಿನ ಗುಂಡಿಗಳನ್ನು ಲಯಕ್ಕೆ ಸರಿಯಾಗಿ ಒತ್ತುವುದು, ಪರದೆಯ ನರ್ತಕರನ್ನು ಅನುಕರಿಸಿ ಕುಣಿಯುವುದು ಇತ್ಯಾದಿ ಈ ವರ್ಗಕ್ಕೆ ಸೇರುತ್ತವೆ.

ಇವುಗಳಿಗೆ ಕಂಪ್ಯೂಟರ್ ಸೂಕ್ತವೇ ಅಥವಾ ಟಿ.ವಿ.ಗೆ ಜೋಡಿಸುವ ಗೇಮ್ ಕನ್ಸೋಲ್ ಸೂಕ್ತವೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಆಟಗಾರರ ಅಭಿರುಚಿಗೆ ಸೇರಿದ್ದೆಂದು ಕಾಣುತ್ತದೆ. ಆದರೆ ಹಣ ಹೂಡುವವನಿಗೆ ಇದು ಶುದ್ಧ ವ್ಯಾಪಾರದ ಪ್ರಶ್ನೆ. ಯಂತ್ರವನ್ನು ಕೊಂಡ ಐದಾರು ವರ್ಷಗಳ ನಂತರವೂ ಅದರಲ್ಲಿ ಹಾಡುಗಳು ಉಳಿದಿರುತ್ತವೆಯೇ? ಆ ಹಾಡುಗಳು ನಮ್ಮ ಗಿರಾಕಿಗಳ ಭಾಷೆಯಲ್ಲಿವೆಯೇ? ಅವನ್ನು ವ್ಯಾಪಾರದ ಸ್ಥಳದಲ್ಲಿ ನುಡಿಸಲು ಕಾನೂನಿನ ಅನುಮತಿಯಿದೆಯೇ? ಈ ಮೂರು ಪ್ರಶ್ನೆಗಳಿಗೆ ದೊರೆಯುವ ಉತ್ತರವೇ ಯಂತ್ರದ ಆಯ್ಕೆಯನ್ನು ನಿರ್ಧರಿಸಬೇಕು.

ಬೆಳೆದು ಬಂದ ಬಗೆ

ಹಿನ್ನೆಲೆ ಸಂಗೀತಕ್ಕೆ ಹಾಡುವ ಕರೋಕೆ ಯಂತ್ರವನ್ನು 1971ರಲ್ಲಿ ಜಪಾನಿನ ಕೋಬೆ ನಗರದಲ್ಲಿ ಡೈಸುಕೆ ಇನೌಯೆ ಎಂಬ ವಾದ್ಯಗಾರರು ಸಿದ್ಧಪಡಿಸಿ, ಮದ್ಯದಂಗಡಿಗಳಿಗೆ ಬಾಡಿಗೆಗೆ ಕೊಟ್ಟರು. ಅದಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. ಕೊನಾಮಿ ಸಂಸ್ಥೆಯ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ 1998ರಲ್ಲಿ ನಾಣ್ಯ ಹಾಕಿ ಆಡುವ ಯಂತ್ರವಾಗಿ ಬಂದು, ಮರುವರ್ಷವೇ ಪ್ಲೇಸ್ಟೇಷನ್ ಮೂಲಕ ಮನೆಗಳನ್ನು ಪ್ರವೇಶಿಸಿತು. ಸೋನಿಯ ‘ಸಿಂಗ್‌ಸ್ಟಾರ್’ 2004ರಲ್ಲಿ ಎರಡು ಮೈಕುಗಳೊಂದಿಗೆ ಬಂದಿತು. 2005ರಲ್ಲಿ ‘ಗಿಟಾರ್ ಹೀರೊ’, 2007ರಲ್ಲಿ ಗಿಟಾರು, ಡ್ರಮ್ಮು, ಮೈಕು ಮೂರನ್ನೂ ಒಳಗೊಂಡ ‘ರಾಕ್ ಬ್ಯಾಂಡ್’, 2009ರಲ್ಲಿ ಯೂಬಿಸಾಫ್ಟ್ ಸಂಸ್ಥೆಯ ‘ಜಸ್ಟ್ ಡ್ಯಾನ್ಸ್’ ಕ್ರಮವಾಗಿ ಮಾರುಕಟ್ಟೆಗೆ ಬಂದವು.

ಇವೆಲ್ಲವೂ ಮನೆಗೆ ಬಂದದ್ದು ಕನ್ಸೋಲಿನ ಮೂಲಕ. ಕಂಪ್ಯೂಟರಿನಲ್ಲಿ ಇದಕ್ಕೆ ಸಮಾನಾಂತರವಾಗಿ ಹವ್ಯಾಸಿಗಳ ಉಚಿತ ತಂತ್ರಾಂಶಗಳು ಬೆಳೆದವು. ಕುಣಿತದ ಆಟಕ್ಕೆ 2001ರಿಂದ ‘ಸ್ಟೆಪ್‌ಮೇನಿಯಾ’, ಗಿಟಾರಿನ ಆಟಕ್ಕೆ 2006ರಲ್ಲಿ ಫಿನ್ಲೆಂಡಿನಿಂದ ‘ಫ್ರೆಟ್ಸ್ ಆನ್ ಫೈರ್’, ಹಾಡುವ ಆಟಕ್ಕೆ ‘ಅಲ್ಟ್ರಾಸ್ಟಾರ್’ ಬಂದವು. ‘ಫ್ರೆಟ್ಸ್ ಆನ್ ಫೈರ್’ ಆಡುವವರು ಕೀಬೋರ್ಡನ್ನೇ ಗಿಟಾರಿನಂತೆ ಎತ್ತಿ ಹಿಡಿದು ನುಡಿಸುತ್ತಿದ್ದರು. ದುಬಾರಿ ಉಪಕರಣವಿಲ್ಲದೆಯೂ ಆಟ ನಡೆಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಕನ್ಸೋಲಿನ ಪರವಾದ ವಾದ

ಕನ್ಸೋಲಿನ ಮುಖ್ಯ ಬಲ ಕಾಲದ ನಿಖರತೆಯಲ್ಲಿದೆ. ಸಂಗೀತದ ಆಟದಲ್ಲಿ ಗುಂಡಿಯನ್ನು ಒತ್ತುವುದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವಾದರೂ ಅಂಕ ತಪ್ಪಬಹುದು. ಕನ್ಸೋಲುಗಳೆಲ್ಲವೂ ಒಂದೇ ಬಗೆಯ ಯಂತ್ರಗಳಾದ್ದರಿಂದ ತಯಾರಕರು ಅದಕ್ಕೆ ತಕ್ಕಂತೆ ಆಟವನ್ನು ರೂಪಿಸುತ್ತಾರೆ. ಕಂಪ್ಯೂಟರುಗಳಾದರೋ ಒಂದೊಂದೂ ಒಂದೊಂದು ತೆರ. ಧ್ವನಿಯ ಕಾರ್ಡು, ಚಾಲಕ ತಂತ್ರಾಂಶ, ಮೈಕು ಇವುಗಳಲ್ಲಿ ಪ್ರತಿಯೊಂದೂ ತನ್ನ ಪಾಲಿನ ವಿಳಂಬವನ್ನು ಸೇರಿಸುತ್ತದೆ.

ಎರಡನೆಯದು ಬಳಕೆಯ ಸರಳತೆ. ಪೆಟ್ಟಿಗೆಯನ್ನು ಟಿ.ವಿ.ಗೆ ಜೋಡಿಸಿ ಗುಂಡಿ ಒತ್ತಿದರೆ ಆಟ ಆರಂಭವಾಗುತ್ತದೆ. ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಒಂದೇ ಪರದೆಯ ಎದುರು ನಿಲ್ಲಬಹುದು. ಕಂಪ್ಯೂಟರ್ ಹುಟ್ಟಿದ್ದು ಒಬ್ಬ ಮನುಷ್ಯ ಮೇಜಿನ ಮುಂದೆ ಕುಳಿತು ಕೆಲಸ ಮಾಡುವುದಕ್ಕೆ, ಕೂಟಕ್ಕಾಗಿ ಅಲ್ಲ.

ಮಾರುಕಟ್ಟೆಯ ತೀರ್ಪೂ ಬಹುಮಟ್ಟಿಗೆ ಇದೇ ಆಗಿತ್ತು. ‘ರಾಕ್ ಬ್ಯಾಂಡ್ 4’ ಆಟವನ್ನು ಕಂಪ್ಯೂಟರಿಗೆ ತರಲು ಅದರ ತಯಾರಕರಾದ ಹಾರ್ಮೋನಿಕ್ಸ್ ಸಂಸ್ಥೆಯವರು 2016ರಲ್ಲಿ ಸಾರ್ವಜನಿಕರಿಂದ 15 ಲಕ್ಷ ಡಾಲರ್ ಸಂಗ್ರಹಿಸಲು ಹೊರಟರು. ಗುರಿಯ ಅರ್ಧಕ್ಕಿಂತ ತುಸು ಹೆಚ್ಚು ಮೊತ್ತಕ್ಕೆ ಮಾತ್ರ ವಾಗ್ದಾನ ದೊರೆತು, ಯೋಜನೆ ಕೈಬಿಟ್ಟುಹೋಯಿತು. ‘ಜಸ್ಟ್ ಡ್ಯಾನ್ಸ್’ ಸರಣಿಯ 2017ರ ಆವೃತ್ತಿ ಕಂಪ್ಯೂಟರಿಗೂ ಬಂದಿತಾದರೂ ಅನಂತರದ ಆವೃತ್ತಿಗಳಲ್ಲಿ ಆ ಪದ್ಧತಿ ಮುಂದುವರಿಯಲಿಲ್ಲ.

ಹಾಡುಗಳು ಕಣ್ಮರೆಯಾಗುವ ಅಪಾಯ

ಇಷ್ಟರ ಮೇಲೆ ಕನ್ಸೋಲೇ ಶ್ರೇಷ್ಠವೆಂದು ನಿರ್ಧರಿಸುವುದು ಆತುರವಾದೀತು. ‘ಗಿಟಾರ್ ಹೀರೊ’ ಸರಣಿಯ ಮೂರನೆಯ ಆಟದ ಮಾರಾಟವೊಂದೇ ನೂರು ಕೋಟಿ ಡಾಲರ್ ದಾಟಿತೆಂದು ಆಕ್ಟಿವಿಷನ್ ಸಂಸ್ಥೆ 2009ರಲ್ಲಿ ಪ್ರಕಟಿಸಿತ್ತು. ಅದೇ ಸಂಸ್ಥೆ 2011ರ ಫೆಬ್ರವರಿಯಲ್ಲಿ ಆ ವಿಭಾಗವನ್ನೇ ಮುಚ್ಚಿತು. 2015ರಲ್ಲಿ ‘ಗಿಟಾರ್ ಹೀರೊ ಲೈವ್’ ಎಂಬ ಹೆಸರಿನಲ್ಲಿ ಮತ್ತೊಮ್ಮೆ ಆರಂಭಿಸಿ, ಹೆಚ್ಚಿನ ಹಾಡುಗಳನ್ನು ಅಂತರಜಾಲದ ಮೂಲಕ ಒದಗಿಸಿತು. 2018ರ ಡಿಸೆಂಬರ್ 1ರಂದು ಆ ಸೇವೆ ನಿಂತಾಗ ಸುಮಾರು 500 ಹಾಡುಗಳು ಒಂದೇ ದಿನದಲ್ಲಿ ಇಲ್ಲವಾದವು. ಕೊಂಡವರ ಬಳಿ ಉಳಿದದ್ದು ಡಿಸ್ಕಿನಲ್ಲಿದ್ದ 42 ಹಾಡುಗಳು ಮಾತ್ರ. ‘ಸಿಂಗ್‌ಸ್ಟಾರ್’ ಹಾಡುಗಳನ್ನು ಮಾರುತ್ತಿದ್ದ ಅಂತರಜಾಲ ಮಳಿಗೆಯೂ 2020ರ ಜನವರಿ 31ರಂದು ಮುಚ್ಚಿತು. ‘ರಾಕ್ ಬ್ಯಾಂಡ್ 4’ಕ್ಕೆ ವಾರವಾರವೂ ಹೊಸ ಹಾಡು ಸೇರಿಸುವ ಪದ್ಧತಿ 2024ರ ಜನವರಿಯಲ್ಲಿ ಕೊನೆಗೊಂಡಿತು.

ಇದರ ತಾತ್ಪರ್ಯ ಸ್ಪಷ್ಟ. ಕನ್ಸೋಲ್ ಕೊಂಡವನು ಯಂತ್ರಕ್ಕೆ ಒಡೆಯನೇ ಹೊರತು ಹಾಡುಗಳ ಸರಬರಾಜಿಗೆ ಅಲ್ಲ. ಆಟಿಕೆಯ ಗಿಟಾರು, ಡ್ರಮ್ಮುಗಳೂ ಒಂದು ಪೀಳಿಗೆಯ ಕನ್ಸೋಲಿನಿಂದ ಮುಂದಿನದಕ್ಕೆ ಹಲವು ವೇಳೆ ಹೊಂದಿಕೊಳ್ಳುವುದಿಲ್ಲ. ಉಪ್ಪುಗಾಳಿಯ ನಮ್ಮ ಕರಾವಳಿಯಲ್ಲಿ ಲೋಹದ ಸಂಪರ್ಕಗಳು ಬೇಗ ಕಿಲುಬು ಹಿಡಿಯುವುದರಿಂದ ಬಿಡಿಭಾಗ ದೊರೆಯದ ಉಪಕರಣ ಮೂಲೆ ಸೇರುವುದು ಖಚಿತ. ಕಂಪ್ಯೂಟರಿನಲ್ಲಾದರೆ ಕೆಟ್ಟ ಮೈಕನ್ನೋ ಕೀಬೋರ್ಡನ್ನೋ ತಾಲೂಕು ಕೇಂದ್ರದ ಅಂಗಡಿಯಲ್ಲಿಯೇ ಬದಲಾಯಿಸಬಹುದು. ಹಾಡಿನ ಕಡತಗಳನ್ನು ಹಳೆಯ ಯಂತ್ರದಿಂದ ಹೊಸದಕ್ಕೆ ನಕಲಿಸಿಕೊಳ್ಳಬಹುದು.

ಭಾಷೆಯ ಪ್ರಶ್ನೆ

ದೊಡ್ಡ ಸಂಸ್ಥೆಗಳ ಆಟಗಳಲ್ಲಿರುವುದು ಬಹುಪಾಲು ಇಂಗ್ಲಿಷ್ ಹಾಡುಗಳು. ಭಾರತದ ಮಾರುಕಟ್ಟೆಯನ್ನು ಲಕ್ಷಿಸಿ ‘ಸಿಂಗ್‌ಸ್ಟಾರ್ ಬಾಲಿವುಡ್’ ಎಂಬ ಆವೃತ್ತಿ ಬಂದಿತ್ತಾದರೂ ಅದು ಹಿಂದಿ ಚಿತ್ರಗೀತೆಗಳದ್ದು. ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗದ ಕಡೆಯಿಂದ ಕುಟುಂಬ ಸಮೇತ ಬರುವ ಅತಿಥಿಗಳು ಹಾಡಬಯಸುವುದು ಕನ್ನಡ ಹಾಡುಗಳನ್ನು. ತಮಗೆ ಬಾರದ ಹಾಡಿಗೆ ಮೈಕು ಹಿಡಿಯಲು ಯಾರೂ ಮುಂದಾಗುವುದಿಲ್ಲ.

ಕಂಪ್ಯೂಟರಿನ ನಿಜವಾದ ಪ್ರಯೋಜನ ಇಲ್ಲಿದೆ. ‘ಅಲ್ಟ್ರಾಸ್ಟಾರ್’ ಮಾದರಿಯ ತಂತ್ರಾಂಶದಲ್ಲಿ ಒಂದು ಹಾಡೆಂದರೆ ಒಂದು ಧ್ವನಿ ಕಡತ ಮತ್ತು ಒಂದು ಸರಳ ಪಠ್ಯ ಕಡತ. ಪ್ರತಿ ಅಕ್ಷರ ಯಾವ ಮಾತ್ರೆಯಲ್ಲಿ ಆರಂಭವಾಗಿ ಎಷ್ಟು ಕಾಲ, ಯಾವ ಶ್ರುತಿಯಲ್ಲಿ ನಿಲ್ಲಬೇಕೆಂಬುದನ್ನು ಪಠ್ಯ ಕಡತದಲ್ಲಿ ಸಾಲುಸಾಲಾಗಿ ನಮೂದಿಸಿರುತ್ತದೆ. ಸಂಗೀತದ ಪರಿಚಯವೂ ಕಂಪ್ಯೂಟರಿನ ಸಾಧಾರಣ ಜ್ಞಾನವೂ ಉಳ್ಳ ಯುವಕ ಯುವತಿಯರು ಇದನ್ನು ಸಿದ್ಧಪಡಿಸಬಲ್ಲರು. ಕನ್ನಡದ ಒತ್ತಕ್ಷರಗಳು ಪರದೆಯ ಮೇಲೆ ಸರಿಯಾಗಿ ಮೂಡುತ್ತವೆಯೇ ಎಂಬುದನ್ನು ಮಾತ್ರ ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಕಾನೂನಿನ ಎಚ್ಚರ

ಬಹು ಜನರು ಎಡವುವುದು ಇಲ್ಲಿಯೇ. ಆಟದ ಡಿಸ್ಕಿನ ಪರವಾನಗಿ ಸಾಮಾನ್ಯವಾಗಿ ಖಾಸಗಿ, ವಾಣಿಜ್ಯೇತರ ಬಳಕೆಗೆ ಸೀಮಿತವಾಗಿರುತ್ತದೆ. ಅದನ್ನು ಕೊಂಡ ಮಾತ್ರಕ್ಕೆ ಹಣ ಪಡೆದು ಸಾರ್ವಜನಿಕವಾಗಿ ನಡೆಸುವ ಹಕ್ಕು ಬರುವುದಿಲ್ಲ. ಕಂಪ್ಯೂಟರಿನಲ್ಲಿ ಚಿತ್ರಗೀತೆಗಳನ್ನು ನಾವೇ ಆಟಕ್ಕೆ ಅಳವಡಿಸಿಕೊಂಡರೂ ಇದೇ ತೊಡಕು ಇನ್ನಷ್ಟು ಬಲವಾಗಿ ಎದುರಾಗುತ್ತದೆ.

1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಂ ಕೆಲವು ವಿನಾಯಿತಿಗಳನ್ನು ನೀಡಿದೆ. ವಸತಿ ಕಟ್ಟಡದ ನಿವಾಸಿಗಳು ಸಾಮೂಹಿಕ ಕೊಠಡಿಯಲ್ಲಿ ಧ್ವನಿಮುದ್ರಣವನ್ನು ಕೇಳುವುದಕ್ಕೆ ಅಡ್ಡಿಯಿಲ್ಲ. ಆದರೆ ಹೋಟೆಲು ಮತ್ತು ಅಂಥ ವಾಣಿಜ್ಯ ಸಂಸ್ಥೆಗಳನ್ನು ಈ ವಿನಾಯಿತಿಯಿಂದ ಸ್ಪಷ್ಟವಾಗಿ ಹೊರಗಿಡಲಾಗಿದೆ. ಹಣ ಪಡೆದು ಅತಿಥಿಗಳನ್ನು ಇರಿಸಿಕೊಳ್ಳುವ ಹೋಂ ಸ್ಟೇಗಳು ಇದನ್ನು ನೆಚ್ಚಿಕೊಳ್ಳುವುದು ಉಚಿತವಲ್ಲ. ಮದುವೆ ಹಾಗೂ ಅದಕ್ಕೆ ಸಂಬಂಧಿಸಿದ ಸಮಾರಂಭಗಳಿಗೆ ಪ್ರತ್ಯೇಕ ವಿನಾಯಿತಿಯಿದ್ದು, 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನು ಸಾರ್ವಜನಿಕ ಪ್ರಕಟಣೆಯ ಮೂಲಕ ಪುನಃ ಸ್ಪಷ್ಟಪಡಿಸಿತು. ಉಳಿದ ಸಂದರ್ಭಗಳಲ್ಲಿ ಸಾಹಿತ್ಯ ಮತ್ತು ಸಂಗೀತದ ಹಕ್ಕಿಗಾಗಿ ಐ.ಪಿ.ಆರ್.ಎಸ್., ಧ್ವನಿಮುದ್ರಣದ ಹಕ್ಕಿಗಾಗಿ ಪಿ.ಪಿ.ಎಲ್. ಮುಂತಾದ ಸಂಸ್ಥೆಗಳನ್ನೋ ನೇರವಾಗಿ ಹಕ್ಕುದಾರರನ್ನೋ ಸಂಪರ್ಕಿಸಬೇಕಾಗುತ್ತದೆ. ತಿಳಿದೂ ಉಲ್ಲಂಘಿಸಿದರೆ 63ನೆಯ ಕಲಮಿನ ಅನ್ವಯ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವುದನ್ನು 2000ದ ಶಬ್ದಮಾಲಿನ್ಯ ನಿಯಮಗಳು ನಿರ್ಬಂಧಿಸಿವೆ ಎಂಬುದನ್ನೂ ಮರೆಯಲಾಗದು.

ಸ್ಥಳೀಯ ಹಾಡುಗಳ ಮಾರ್ಗ

ಈ ತೊಡಕಿನಿಂದ ಪಾರಾಗುವ ಒಂದು ದಾರಿ ನಮ್ಮ ತಾಲೂಕಿನಲ್ಲಿಯೇ ಇದೆ. ಅಂಕೋಲಾ ಭಾಗವು ಸುಗ್ಗಿ ಕುಣಿತ, ಗುಮಟೆಯ ಹಾಡು, ಯಕ್ಷಗಾನಗಳ ನೆಲೆ. ಹಾಲಕ್ಕಿ ಒಕ್ಕಲಿಗರ ಹಾಡುಗಳ ಭಂಡಾರವೆನಿಸಿದ್ದ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅವರು 2025ರ ಫೆಬ್ರವರಿಯಲ್ಲಿ ನಿಧನರಾದರು. ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ, ಕರ್ತೃ ಯಾರೆಂದು ತಿಳಿಯದ ಹಾಡುಗಳಿಗೆ ಚಿತ್ರಗೀತೆಗಳಿಗಿರುವಂಥ ಹಕ್ಕುದಾರರಿಲ್ಲ. ಆದರೆ ಹಾಡಿದವರಿಗೆ ಪ್ರದರ್ಶಕರ ಹಕ್ಕು 50 ವರ್ಷ, ಧ್ವನಿಮುದ್ರಣ ಮಾಡಿದವರಿಗೆ ಹಕ್ಕುಸ್ವಾಮ್ಯ 60 ವರ್ಷ ಇರುತ್ತದೆ. ಆದ್ದರಿಂದ ಯಾರೋ ಮಾಡಿದ ಮುದ್ರಣವನ್ನು ಎತ್ತಿಕೊಳ್ಳುವಂತಿಲ್ಲ. ಸ್ಥಳೀಯ ತಂಡವೊಂದಕ್ಕೆ ತಕ್ಕ ಸಂಭಾವನೆ ನೀಡಿ, ಲಿಖಿತ ಒಪ್ಪಂದ ಮಾಡಿಕೊಂಡು, ಹೊಸದಾಗಿ ಮುದ್ರಿಸಿಕೊಂಡಲ್ಲಿ ಆ ಹಾಡುಗಳು ಉದ್ಯಮದ ಸ್ವಂತ ಆಸ್ತಿಯಾಗುತ್ತವೆ. ಯಾವ ವಿದೇಶಿ ಸಂಸ್ಥೆ ಸೇವೆ ನಿಲ್ಲಿಸಿದರೂ ಅವು ಹೋಗುವುದಿಲ್ಲ. ಸಮುದಾಯದ ಹಿರಿಯರನ್ನು ಕೇಳಿಯೇ ಹಾಡುಗಳನ್ನು ಆರಿಸಬೇಕು, ಏಕೆಂದರೆ ಆಚರಣೆಗೆ ಮೀಸಲಾದ ಹಾಡನ್ನು ಅಂಕದ ಆಟವಾಗಿಸುವುದು ಶೋಭೆಯಲ್ಲ. ಇಂಥ ಕಡತಗಳಿಗೆ ಸ್ಥಳವಿರುವುದು ಕಂಪ್ಯೂಟರಿನಲ್ಲಿಯೇ, ಕನ್ಸೋಲಿನ ಮುಚ್ಚಿದ ಪೆಟ್ಟಿಗೆಯಲ್ಲಿ ಅಲ್ಲ.

ವೆಚ್ಚ ಮತ್ತು ತೆರಿಗೆ

ಪ್ಲೇಸ್ಟೇಷನ್ 5 ಕನ್ಸೋಲ್ 2021ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಾಗ ಡಿಸ್ಕ್ ಸೌಲಭ್ಯವುಳ್ಳ ಮಾದರಿಯ ಬೆಲೆ 49,990 ರೂಪಾಯಿ ಇತ್ತು. ಆಟಗಳ ಮತ್ತು ಚಂದಾದಾರಿಕೆಯ ವೆಚ್ಚ ಪ್ರತ್ಯೇಕ. ಕನ್ಸೋಲುಗಳ ಮೇಲಿನ ಜಿ.ಎಸ್.ಟಿ. 2019ರ ಜನವರಿ 1ರಿಂದ ಶೇಕಡಾ 28ರಿಂದ 18ಕ್ಕೆ ಇಳಿಯಿತು. 32 ಇಂಚಿಗಿಂತ ದೊಡ್ಡ ಟಿ.ವಿ.ಗಳಿಗೂ 2025ರ ಸೆಪ್ಟೆಂಬರ್ 22ರಿಂದ ಅದೇ ಇಳಿಕೆ ದೊರೆತಿದೆ. ಆದ್ದರಿಂದ ತೆರಿಗೆಯ ದರದಲ್ಲಿ ಕಂಪ್ಯೂಟರಿಗೂ ಕನ್ಸೋಲಿಗೂ ಹಿಂದಿದ್ದ ಅಂತರ ಉಳಿದಿಲ್ಲ. ಸವಕಳಿಯ ಲೆಕ್ಕದಲ್ಲಿ ಕಂಪ್ಯೂಟರನ್ನೂ ಸಾಮಾನ್ಯ ಯಂತ್ರೋಪಕರಣಗಳನ್ನೂ ಬೇರೆ ಬೇರೆ ವರ್ಗಗಳಲ್ಲಿ ಇರಿಸುವುದರಿಂದ, ಕನ್ಸೋಲನ್ನು ಯಾವುದಕ್ಕೆ ಸೇರಿಸಬೇಕೆಂದು ಲೆಕ್ಕ ಪರಿಶೋಧಕರನ್ನು ಕೇಳಿಕೊಳ್ಳುವುದು ಒಳಿತು. ಬಹುತೇಕ ಸದಸ್ಯರ ಕಚೇರಿಯಲ್ಲಿ ಕಂಪ್ಯೂಟರ್ ಈಗಾಗಲೇ ಇದೆ. ಸಂಜೆಯ ಹೊತ್ತು ಅದನ್ನೇ ಟಿ.ವಿ.ಗೆ ಜೋಡಿಸಿದರೆ ಹೊಸ ಹೂಡಿಕೆ ಮೈಕುಗಳಿಗೆ ಸೀಮಿತವಾಗುತ್ತದೆ.

ನಮ್ಮ ಸಲಹೆ

ಸ್ವಂತ ಮನೆಯ ಮನರಂಜನೆಗೆ ಕನ್ಸೋಲ್ ನಿಸ್ಸಂದೇಹವಾಗಿ ಅನುಕೂಲ. ವ್ಯಾಪಾರದ ಸ್ಥಳಕ್ಕೆ ನಮ್ಮ ಜಿಲ್ಲೆಯ ಮಟ್ಟಿಗೆ ಕಂಪ್ಯೂಟರೇ ಯೋಗ್ಯ. ಹಾಗೆ ಅಳವಡಿಸುವವರು ಈ ಕೆಳಗಿನ ಅಂಶಗಳನ್ನು ಪಾಲಿಸಬೇಕು:

1. ಮೈಕು ಮತ್ತು ಸ್ಪೀಕರುಗಳು ತಂತಿಯವೇ ಆಗಿರಲಿ. ಬ್ಲೂಟೂತ್ ಸ್ಪೀಕರಿನ ವಿಳಂಬ ಆಟವನ್ನು ಕೆಡಿಸುತ್ತದೆ.
2. ಟಿ.ವಿ.ಯಲ್ಲಿ ‘ಗೇಮ್ ಮೋಡ್’ ಇದ್ದರೆ ಅದನ್ನು ಆರಿಸಿ, ತಂತ್ರಾಂಶದಲ್ಲಿ ವಿಳಂಬದ ಹೊಂದಾಣಿಕೆಯನ್ನು ಒಮ್ಮೆ ಮಾಡಿಕೊಳ್ಳಬೇಕು.
3. ಮಳೆಗಾಲದಲ್ಲಿ ವಿದ್ಯುತ್ ಕೈಕೊಡುವುದರಿಂದ ಯು.ಪಿ.ಎಸ್. ಅವಶ್ಯಕ. ಬಳಸದಿರುವಾಗ ಉಪಕರಣಗಳನ್ನು ತೇವ ತಾಗದ ಡಬ್ಬಿಯಲ್ಲಿ ಇರಿಸಬೇಕು.
4. ಹಾಡಿನ ಕಡತಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ಕಾಪಾಡಬೇಕು.
5. ಪ್ರತಿಯೊಂದು ಹಾಡಿನ ಅನುಮತಿ ಪತ್ರ ಅಥವಾ ಒಪ್ಪಂದವನ್ನು ಒಂದು ಫೈಲಿನಲ್ಲಿ ಜೋಡಿಸಿಡಬೇಕು.

ಮೊದಲು ಹತ್ತು ಹಾಡುಗಳಿಂದ ಆರಂಭಿಸಿ, ಒಂದು ಮಳೆಗಾಲದ ಅನುಭವವನ್ನು ನೋಡಿಕೊಂಡು ಮುಂದುವರಿಯುವುದು ಜಾಣತನ. ಯಂತ್ರಕ್ಕೆ ತಕ್ಕಂತೆ ಹಾಡುಗಳನ್ನು ಹುಡುಕುವ ಬದಲು, ನಮ್ಮ ಗಿರಾಕಿಗಳು ಹಾಡಬಲ್ಲ ಮತ್ತು ನಮಗೆ ನುಡಿಸುವ ಹಕ್ಕಿರುವ ಹಾಡುಗಳನ್ನು ಮೊದಲು ಪಟ್ಟಿ ಮಾಡಿ, ಅವುಗಳಿಗೆ ತಕ್ಕ ಯಂತ್ರವನ್ನು ಕೊಳ್ಳಬೇಕು. ಆಗ ಹೂಡಿದ ಹಣ ಉಳಿಯುತ್ತದೆ, ಅತಿಥಿಗಳಿಗೂ ಸಂತೋಷವಾಗುತ್ತದೆ, ಊರಿನ ಹಾಡುಗಾರರಿಗೂ ನಾಲ್ಕು ಕಾಸು ದೊರೆಯುತ್ತದೆ.