ಡ್ವಾರ್ಫ್‌ಗೆ ಆರೇ ಮೆಟ್ಟಿಲು

1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಮೂರು ಪುಸ್ತಿಕೆಗಳ ಒಂದು ಪೆಟ್ಟಿಗೆ ಹೊರಬಿತ್ತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಆ ಆಟ ‘ಡಂಜನ್ಸ್ ಅಂಡ್ ಡ್ರಾಗನ್ಸ್’. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಕತ್ತಿಯೇಟು ತಗುಲಿತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಪಾತ್ರ ಮನುಷ್ಯನದೇ ಆಗಬೇಕಿಲ್ಲ. ಗಡ್ಡದ ಡ್ವಾರ್ಫ್, ಚೂಪು ಕಿವಿಯ ಎಲ್ಫ್, ಇಲ್ಲವೇ ಹಾಬಿಟ್ ಆಗಬಹುದು.

ಈ ಹಾಬಿಟ್ ಟೋಲ್ಕಿನ್ ಕಾದಂಬರಿಯಿಂದ ನೇರವಾಗಿ ಎತ್ತಿಕೊಂಡದ್ದು. ಹಕ್ಕುದಾರರು ತಕರಾರು ತೆಗೆದ ಮೇಲೆ ‘ಹಾಫ್‌ಲಿಂಗ್’ ಎಂದಾಯಿತು. ಹೆಸರು ಹೋಯಿತು, ಆಳು ಉಳಿದ.

ಡ್ವಾರ್ಫ್‌ಗೆ ವಿಶೇಷ ಶಕ್ತಿಗಳಿದ್ದವು: ನೆಲಮಾಳಿಗೆಯ ಹಾದಿ ಇಳಿಜಾರಾಗಿದ್ದರೆ, ಗೋಡೆ ಹೊಸತಾಗಿದ್ದರೆ ಅವನಿಗೆ ತಿಳಿಯುತ್ತಿತ್ತು. ಆದರೆ ಬೆಲೆ ದುಬಾರಿ. ಮನುಷ್ಯ ಯೋಧ ಎಷ್ಟು ಹಂತ ಬೇಕಾದರೂ ಏರಬಹುದು, ಡ್ವಾರ್ಫ್ ಆರನೆಯದಕ್ಕೆ ನಿಲ್ಲಬೇಕು, ಹಾಫ್‌ಲಿಂಗ್ ನಾಲ್ಕನೆಯದಕ್ಕೇ. ಲೋಕ ಮನುಷ್ಯಕೇಂದ್ರಿತವಾಗಿಯೇ ಇರಬೇಕೆಂಬುದು ಗೈಗ್ಯಾಕ್ಸ್ ಪಟ್ಟು. 1979ರ ಕೈಪಿಡಿಯಲ್ಲಿ ಅದನ್ನು ಆತ ಬಿಚ್ಚಿಯೇ ಬರೆದ. 1981ರ ಒಂದು ಆವೃತ್ತಿಯಲ್ಲಂತೂ ಎಲ್ಫ್ ಆಗಿ ಹುಟ್ಟುವುದೇ ಒಂದು ಕಸುಬು! ಹಂತಗಳ ಈ ಮಿತಿ ಪೂರ್ತಿ ಕಳಚಿದ್ದು 2000ದ ಮೂರನೇ ಆವೃತ್ತಿಯಲ್ಲಿ.

ಆಗಲೂ ಹುಟ್ಟಿನ ಲೆಕ್ಕ ಮುಗಿಯಲಿಲ್ಲ. 2014ರ ಪುಸ್ತಕದಲ್ಲಿ ಹಾಫ್-ಆರ್ಕ್ ಎಂಬ ಕುಲದವನಿಗೆ ತೋಳ್ಬಲದಲ್ಲಿ ಎರಡು ಅಂಕ ಹೆಚ್ಚು, ಬುದ್ಧಿಗೆ ಏನೂ ಇಲ್ಲ. ಮಂತ್ರವಾದಿಯಾಗಬೇಕೆನ್ನುವವರು ಅವನತ್ತ ಏಕೆ ನೋಡಿಯಾರು? ಒಂದು ಕುಲ ಹುಟ್ಟಾ ಒರಟು, ಇನ್ನೊಂದು ಹುಟ್ಟಾ ನಾಜೂಕು ಎಂಬ ಕಲ್ಪನೆಗೇ ಆಕ್ಷೇಪ ಎದ್ದಿತು. 2020ರಲ್ಲಿ ಆ ಅಂಕಗಳನ್ನು ಬೇಕಾದ ಕಡೆ ಹಾಕಿಕೊಳ್ಳುವ ಅನುಮತಿ ಸಿಕ್ಕಿತು. 2022ರ ಡಿಸೆಂಬರಿನಲ್ಲಿ ಪ್ರಕಾಶಕರು ಈ ಕುಲಗಳಿಗೆ ಬಳಸುತ್ತಿದ್ದ ‘ರೇಸ್’ ಪದ ಕೈಬಿಟ್ಟು ‘ಸ್ಪೀಷೀಸ್’ ಎನ್ನುವುದಾಗಿ ಸಾರಿದರು. 2024ರ ಪುಸ್ತಕದಲ್ಲಿ ಅಂಕಗಳು ಪಾತ್ರದ ಹಿಂದಿನ ಬದುಕಿಗೆ, ಅಂದರೆ ಅವನು ಸೈನಿಕನಾಗಿದ್ದನೋ ರೈತನಾಗಿದ್ದನೋ ಎಂಬುದಕ್ಕೆ ಅಂಟಿಕೊಂಡವು. (ಕನ್ನಡದಲ್ಲಿ ಆಡುವವರ ಪಾಡು ಇನ್ನೂ ಕಷ್ಟ: ‘ಜಾತಿ’ ಎಂದರೆ ಮೇಜಿನ ಸುತ್ತ ಬೇರೆಯೇ ಚರ್ಚೆ ಶುರುವಾದೀತು, ‘ಪ್ರಭೇದ’ ಎಂದರೆ ಜೀವಶಾಸ್ತ್ರದ ಪಾಠ.)

ಹಾಗಾದರೆ ಎಲ್ಫ್ ಎಂದರೆ ಉದ್ದ ಕಿವಿಯ ಮನುಷ್ಯ ಅಷ್ಟೆಯೇ? ಈ ದೂರಿನಲ್ಲಿ ಹುರುಳಿದೆ. ಆದರೆ ಅದಕ್ಕೆ ಮದ್ದು ಅಂಕಪಟ್ಟಿಯಲ್ಲಿಲ್ಲ. 1978ರ ‘ರೂನ್‌ಕ್ವೆಸ್ಟ್’ ಆಟದಲ್ಲಿ, ಗ್ರೆಗ್ ಸ್ಟಾಫರ್ಡ್ ಕಟ್ಟಿದ ಗ್ಲೊರಾಂಥಾ ಲೋಕದ ಟ್ರೋಲ್‌ಗಳನ್ನೇ ನೋಡಿ. ಅವು ಕತ್ತಲ ಮಕ್ಕಳು. ಬಿಸಿಲು ಒಗ್ಗದು, ಏನು ಸಿಕ್ಕರೂ ತಿನ್ನುತ್ತವೆ. ಹಳೆಯ ಶಾಪವೊಂದರಿಂದ ಅವುಗಳ ಮಕ್ಕಳಲ್ಲಿ ಬಹುಪಾಲು ಕುಗ್ಗಿದ ಟ್ರೋಲ್‌ಕಿನ್‌ಗಳಾಗಿ ಹುಟ್ಟುತ್ತವೆ. ಅಂಥ ತಾಯಿಯ ಪಾತ್ರ ವಹಿಸಿದವರಿಗೆ ದಾಳ ಉರುಳಿಸುವ ಮೊದಲೇ ಒಂದು ದುಃಖವಿದೆ, ಒಂದು ಹಗೆಯಿದೆ. ಕಿವಿಯ ಉದ್ದ ಯಾರಿಗೂ ನೆನಪಾಗದು.

ನಮ್ಮ ಕಡೆಯಿಂದ ಹೋದ ಒಬ್ಬನೂ ‘ಡಂಜನ್ಸ್ ಅಂಡ್ ಡ್ರಾಗನ್ಸ್’ನಲ್ಲಿದ್ದಾನೆ: ರಾಕ್ಷಸ. ಆದರೆ ಗೈಗ್ಯಾಕ್ಸ್‌ಗೆ ಅವನ ಪರಿಚಯವಾದದ್ದು ರಾಮಾಯಣದಿಂದಲ್ಲ, 1974ರ ಟಿ.ವಿ. ಧಾರಾವಾಹಿ ‘ಕೋಲ್‌ಚಾಕ್’ನ ಒಂದು ಕಂತಿನಿಂದ. 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಚಿತ್ರದಲ್ಲಿ ಅವನಿಗೆ ಹುಲಿಯ ತಲೆ, ಮೈಮೇಲೆ ಸೊಗಸಾದ ಉಡುಪು, ಸೇದಲು ಪೈಪು. ಯಕ್ಷಗಾನದ ಬಣ್ಣದ ವೇಷ ಕಂಡು ಬೆಳೆದವರಿಗೆ ಈ ಹುಲಿ ಸಾಹೇಬನ ಗುರುತು ಹತ್ತುವುದು ಕಷ್ಟವೇ.