ತಂಗಳನ್ನ ಫೈನಲ್ ತಲುಪಿದ ಕಥೆ

ಗೆದ್ದವರಿಗೆ ಕೋಟಿ ರೂಪಾಯಿಗೂ ಹೆಚ್ಚು ಬಹುಮಾನ ಸಿಗುವ ಅಡುಗೆ ಸ್ಪರ್ಧೆಯ ಫೈನಲ್‌ನಲ್ಲಿ ಯಾರಾದರೂ ತಂಗಳನ್ನ ಬಡಿಸುತ್ತಾರೆಯೇ? ಒಬ್ಬ ತಾಯಿ ಬಡಿಸಿದರು. 2021ರ ಜುಲೈನಲ್ಲಿ ಪ್ರಸಾರವಾದ 'ಮಾಸ್ಟರ್‌ಶೆಫ್ ಆಸ್ಟ್ರೇಲಿಯಾ' ಹದಿಮೂರನೆಯ ಸರಣಿಯ ಅಂತಿಮ ಸುತ್ತಿನಲ್ಲಿ ಇದು ನಡೆಯಿತು. ಆಕೆಯ ಹೆಸರು ಕಿಶ್ವರ್ ಚೌಧುರಿ. ಬಡಿಸಿದ್ದು ಬಂಗಾಳಿಗಳ 'ಪಾಂತಾ ಭಾತ್', ಅಂದರೆ ರಾತ್ರಿ ನೀರಿನಲ್ಲಿ ನೆನೆಸಿಟ್ಟು ಬೆಳಿಗ್ಗೆ ತಿನ್ನುವ ಅನ್ನ. ನಮ್ಮ ಅಜ್ಜಿಯರು ತಂಗಳನ್ನ ಎನ್ನುತ್ತಿದ್ದರಲ್ಲ, ಅದೇ.

ಮಕ್ಕಳೇ, ನಿಮ್ಮಲ್ಲಿ ಹಲವರು ಈ ಕಾರ್ಯಕ್ರಮವನ್ನು ಟಿವಿಯಲ್ಲೋ ಮೊಬೈಲಿನಲ್ಲೋ ನೋಡಿರುತ್ತೀರಿ. ಅಜ್ಜ ಅಜ್ಜಿಯರಿಗೆ ಇದು ಹೊಸತಿರಬಹುದು. ಆದ್ದರಿಂದ ಮೊದಲು ಅದರ ಪರಿಚಯ ಮಾಡಿಕೊಡುತ್ತೇನೆ.

ಆಟದ ನಿಯಮ

ಮಾಸ್ಟರ್‌ಶೆಫ್ 1990ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಸ್ಪರ್ಧೆ. ಆಸ್ಟ್ರೇಲಿಯಾದಲ್ಲಿ ಶುರುವಾದದ್ದು 2009ರಲ್ಲಿ. ಇಲ್ಲಿಗೆ ಬರುವವರು ಹೋಟೆಲಿನ ಬಾಣಸಿಗರಲ್ಲ, ಮನೆಯಲ್ಲಿ ಅಡುಗೆ ಮಾಡುವವರು. ಮೊದಲ ವರ್ಷ ಗೆದ್ದ ಜೂಲಿ ಗುಡ್ವಿನ್ ಮೂರು ಗಂಡುಮಕ್ಕಳ ತಾಯಿ. ಮರುವರ್ಷ ಒಂದು ತಮಾಷೆಯಾಯಿತು. ಆಸ್ಟ್ರೇಲಿಯಾದ ಚುನಾವಣೆಯ ಕಾಲ. ಪ್ರಧಾನಿ ಜೂಲಿಯಾ ಗಿಲ್ಲಾರ್ಡ್ ಮತ್ತು ವಿರೋಧ ಪಕ್ಷದ ನಾಯಕ ಟೋನಿ ಅಬಟ್ ಅವರ ಟಿವಿ ಚರ್ಚೆ ಅಡುಗೆ ಫೈನಲ್ ದಿನವೇ ಬಂತು. ಚರ್ಚೆಯ ಸಮಯವನ್ನೇ ಹಿಂದಕ್ಕೆ ತಂದರು, ಅಡುಗೆಯ ಸಮಯವನ್ನು ಬದಲಿಸಲಿಲ್ಲ!

ಸ್ಪರ್ಧೆಯಲ್ಲಿ ಬಗೆಬಗೆಯ ಪರೀಕ್ಷೆಗಳಿವೆ. ಮುಚ್ಚಿದ ಪೆಟ್ಟಿಗೆ ತೆರೆದು ಅದರಲ್ಲಿರುವ ಸಾಮಾನಿನಿಂದಲೇ ಅಡುಗೆ ಮಾಡುವುದು ಒಂದು. ದೊಡ್ಡ ಬಾಣಸಿಗರೊಬ್ಬರು ಮಾಡಿದ ಕಷ್ಟದ ತಿನಿಸನ್ನು ಅದೇ ರೀತಿ ಮಾಡಿ ತೋರಿಸುವುದು ಇನ್ನೊಂದು. ಗಡಿಯಾರ ಓಡುತ್ತಿರುತ್ತದೆ. ಸಮಯ ಮುಗಿದೊಡನೆ ಕೈ ಎತ್ತಬೇಕು. ತಟ್ಟೆಗೆ ಬೀಳದ ಸಾರು ಎಷ್ಟೇ ರುಚಿಯಾಗಿದ್ದರೂ ಲೆಕ್ಕಕ್ಕಿಲ್ಲ. ಹಿಂದೆ ಬಿದ್ದವರು ಒಬ್ಬೊಬ್ಬರಾಗಿ ಮನೆಗೆ ಹೋಗುತ್ತಾರೆ.

ಒಂದು ಮಾತು ನೆನಪಿರಲಿ. ಟಿವಿಯಲ್ಲಿ ನಾವು ನೋಡುವುದು ಕತ್ತರಿಸಿ ಜೋಡಿಸಿದ ಚಿತ್ರ. ಡಬ್ ಡಬ್ ಎಂಬ ಸಂಗೀತ, ಫಲಿತಾಂಶಕ್ಕೆ ಮುಂಚಿನ ಉದ್ದನೆಯ ಮೌನ, ಇವೆಲ್ಲ ಆಮೇಲೆ ಹಾಕಿದ ಒಗ್ಗರಣೆ. ಒಗ್ಗರಣೆ ಎಷ್ಟೇ ಇದ್ದರೂ ಒಳಗಿನ ಬೇಳೆ ಬೆಂದಿರಬೇಕು. ಈ ಸರಣಿಯಲ್ಲಿ ಅದು ಚೆನ್ನಾಗಿಯೇ ಬೆಂದಿತ್ತು.

ಮೂವರು ಉಳಿದರು

2021ರ ಏಪ್ರಿಲ್‌ನಲ್ಲಿ 24 ಸ್ಪರ್ಧಿಗಳೊಂದಿಗೆ ಆರಂಭವಾಯಿತು. ತೀರ್ಪುಗಾರರು ಮೂವರು: ಆಹಾರದ ಬಗ್ಗೆ ಬರೆಯುವ ಮೆಲಿಸ್ಸಾ ಲಿಯಾಂಗ್, 2012ರಲ್ಲಿ ಇದೇ ಸ್ಪರ್ಧೆ ಗೆದ್ದಿದ್ದ ಆಂಡಿ ಆಲೆನ್, ಮತ್ತು ಸ್ಕಾಟ್ಲೆಂಡ್ ಮೂಲದ ಬಾಣಸಿಗ ಜಾಕ್ ಜಾನ್‌ಫ್ರಿಲ್ಲೊ. ಜಾಕ್ ಈಗ ನಮ್ಮೊಂದಿಗಿಲ್ಲ; 2023ರಲ್ಲಿ ತೀರಿಕೊಂಡರು.

ಕೊನೆಗೆ ಉಳಿದವರು ಜಸ್ಟಿನ್ ನಾರಾಯಣ್, ಪೀಟ್ ಕ್ಯಾಂಪ್‌ಬೆಲ್ ಮತ್ತು ಕಿಶ್ವರ್. ಜಸ್ಟಿನ್ 27 ವರ್ಷದ ಹುಡುಗ, ಪಶ್ಚಿಮ ಆಸ್ಟ್ರೇಲಿಯಾದವನು. ಮನೆತನದ ಮೂಲ ಫಿಜಿ ದ್ವೀಪದ ಭಾರತೀಯರದು. ಕಬ್ಬಿನ ತೋಟದ ಕೂಲಿಗಾಗಿ ಬ್ರಿಟಿಷರು ನಮ್ಮವರನ್ನು ಹಡಗಿನಲ್ಲಿ ಫಿಜಿಗೆ ಸಾಗಿಸಿದ ಕಥೆಯನ್ನು ದೊಡ್ಡ ತರಗತಿಯ ಮಕ್ಕಳು ಓದಿರಬಹುದು. ಹಾಗೆ ಹೋದವರು ಪೆಟ್ಟಿಗೆಯಲ್ಲಿ ಹೆಚ್ಚೇನೂ ಒಯ್ಯಲಿಲ್ಲ. ಒಯ್ದದ್ದು ನಾಲಗೆಯ ರುಚಿ. ತನ್ನ ತಾಯಿಯ ಅಡುಗೆಯೇ ತನಗೆ ಸ್ಫೂರ್ತಿ ಎಂದು ಜಸ್ಟಿನ್ ಹೇಳುತ್ತಿದ್ದ.

ಕಿಶ್ವರ್‌ಗೆ ಆಗ 38 ವರ್ಷ, ಇಬ್ಬರು ಮಕ್ಕಳ ತಾಯಿ, ಹುಟ್ಟಿ ಬೆಳೆದದ್ದು ಮೆಲ್ಬರ್ನ್‌ನಲ್ಲಿ. ತಂದೆ ಬಾಂಗ್ಲಾದೇಶದವರು, ತಾಯಿ ಪಶ್ಚಿಮ ಬಂಗಾಳದವರು. ಮನೆತನದ ಬಂಗಾಳಿ ಅಡುಗೆಗಳನ್ನೆಲ್ಲ ಒಂದು ಪುಸ್ತಕವಾಗಿ ಬರೆದು ತನ್ನ ಮಕ್ಕಳ ಕೈಗಿಡಬೇಕು ಎಂಬುದು ತನ್ನ ಆಸೆ ಎಂದು ಆಕೆ ಹೇಳಿಕೊಂಡಿದ್ದರು. ಅದಕ್ಕೆ ತಕ್ಕಂತೆ ಖಿಚುರಿ, ಮೀನಿನ ಸಾರು, ಭರ್ತಾ, ಕೊನೆಗೆ ಬೀದಿಬದಿಯ ಫುಚ್ಕಾ, ಎಂದರೆ ನಮ್ಮ ಪಾನಿಪೂರಿಯ ಅಕ್ಕನನ್ನೂ ತೀರ್ಪುಗಾರರಿಗೆ ತಿನ್ನಿಸಿದರು.

ಆ ಒಂದು ತಟ್ಟೆ

ಫೈನಲ್ ಎಂದರೆ ಎಲ್ಲರೂ ತಮ್ಮ ಕೈಚಳಕ ತೋರಿಸುವ ಹೊತ್ತು. ಕಿಶ್ವರ್ ಪಾಂತಾ ಭಾತ್ ಆರಿಸಿಕೊಂಡರು. ರಾತ್ರಿಯಿಡೀ ನೆನೆಸಲು ಅಲ್ಲಿ ಸಮಯವೆಲ್ಲಿದೆ? ಅವರು ನೀರಿಗೆ ಹೊಗೆಯ ವಾಸನೆ ಹಿಡಿಸಿ, ಆ ರುಚಿಯನ್ನು ಬೇರೆ ದಾರಿಯಲ್ಲಿ ತಂದರು. ಜೊತೆಗೆ ಆಲೂ ಭರ್ತಾ, ಅಂದರೆ ಬೇಯಿಸಿ ಹಿಸುಕಿದ ಆಲೂಗಡ್ಡೆ, ಮತ್ತು ಹುರಿದ ಸಾರ್ಡೀನ್ ಮೀನು. ನಮ್ಮ ಮಂಗಳೂರು ಕಡೆಯವರು ಬೂತಾಯಿ ಎನ್ನುವ ಮೀನು ಅದು. ಇದು ಹೋಟೆಲುಗಳಲ್ಲಿ ಕಾಣಸಿಗುವ ಊಟವಲ್ಲ, ಇಲ್ಲಿ ಬಡಿಸಲು ಭಯವಾಗುತ್ತದೆ ಎಂದೂ ಆಕೆ ಹೇಳಿದರು. ತೀರ್ಪುಗಾರರು ತಿಂದರು, ಮೆಚ್ಚಿದರು.

ಆ ಭಯ ಸುಮ್ಮನೆ ಬಂದದ್ದಲ್ಲ. ಪಾಂತಾ ಭಾತ್ ಬಂಗಾಳದ ರೈತರ, ಕೂಲಿಯವರ ಬೆಳಗಿನ ಊಟ. ಉಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ ಇದ್ದರೆ ಆಯಿತು. ಬಂಗಾಳಿ ಹೊಸ ವರ್ಷದ ದಿನ ಬಾಂಗ್ಲಾದೇಶದಲ್ಲಿ ಸಿರಿವಂತರೂ ಇದನ್ನು ಹಿಲ್ಸಾ ಮೀನಿನ ಜೊತೆ ತಿನ್ನುತ್ತಾರೆ. ಉಳಿದ ದಿನ ಅದು ಬಡವರ ಪಾಲು. ಹೀಗಾಗಿ ಕಾರ್ಯಕ್ರಮ ಪ್ರಸಾರವಾದ ಮೇಲೆ 'ನೀರಿನಲ್ಲಿ ಹಾಕಿದ ಅನ್ನದಲ್ಲಿ ಏನು ವಿಶೇಷ?' ಎಂದು ಮೂಗು ಮುರಿದವರೂ ಇದ್ದರು, ಕಣ್ಣೀರು ಒರೆಸಿಕೊಂಡವರೂ ಇದ್ದರು.

ಈ ನಾಚಿಕೆ ಬಂಗಾಳಕ್ಕೆ ಮಾತ್ರ ಸೇರಿದ್ದಲ್ಲ. ನಾನು ಗುಮಾಸ್ತನಾಗಿದ್ದ ಬ್ಯಾಂಕ್ ಶಾಖೆಯಲ್ಲಿ ಮಂಡ್ಯ ಕಡೆಯ ಹಳ್ಳಿಯಿಂದ ಬಂದ ಒಬ್ಬ ಹುಡುಗನಿದ್ದ. ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿದರೆ ಅವನು ಮಾತ್ರ ರೆಕಾರ್ಡ್ ರೂಮಿಗೆ ಹೋಗಿ ಊಟ ಮಾಡಿ ಬರುತ್ತಿದ್ದ. ಡಬ್ಬಿಯಲ್ಲಿ ಇದ್ದದ್ದು ಮಜ್ಜಿಗೆಯಲ್ಲಿ ಕಿವುಚಿದ ತಂಗಳು ಮುದ್ದೆ, ಒಂದು ಈರುಳ್ಳಿ. ಯಾರೋ ಒಮ್ಮೆ ಅದನ್ನು ನೋಡಿ ನಕ್ಕಿದ್ದರಂತೆ. ಲೆಡ್ಜರ್ ಕೂಡುವುದರಲ್ಲಿ ಅವನನ್ನು ಮೀರಿಸುವವರು ಶಾಖೆಯಲ್ಲೇ ಇರಲಿಲ್ಲ. ಆದರೂ ಡಬ್ಬಿ ಮುಚ್ಚಿಟ್ಟು ತಿನ್ನಬೇಕಾಯಿತು. ಇಂದು ಅದೇ ರಾಗಿ ಅಂಬಲಿಯನ್ನು ನಗರದ ಹೋಟೆಲುಗಳಲ್ಲಿ ಗಾಜಿನ ಲೋಟದಲ್ಲಿ ಕೊಟ್ಟು ದುಡ್ಡು ಎಣಿಸಿಕೊಳ್ಳುತ್ತಾರೆ.

ತಂಗಳಿನೊಳಗಿನ ವಿಜ್ಞಾನ

ಈ ಅನ್ನಕ್ಕೆ ನೆಂಟರು ಬಹಳ. ಒಡಿಶಾದಲ್ಲಿ ಪಖಾಳ, ಅಸ್ಸಾಮಿನಲ್ಲಿ ಪೊಯಿತಾ ಭಾತ್, ಆಂಧ್ರದಲ್ಲಿ ಚದ್ದನ್ನ, ತಮಿಳುನಾಡಿನಲ್ಲಿ ಪಳೈಯ ಸೋರು, ಕೇರಳದಲ್ಲಿ ಪಳಂಕಂಜಿ. ಅಕ್ಕಿ ಬೆಳೆಯುವ, ಸೆಕೆ ಹೆಚ್ಚಿರುವ ನಾಡುಗಳೆಲ್ಲ ಇದನ್ನು ಕಂಡುಕೊಂಡಿವೆ. ಫ್ರಿಜ್ ಇಲ್ಲದ ಕಾಲದಲ್ಲಿ ಮಿಕ್ಕ ಅನ್ನ ಹಾಳಾಗದಂತೆ ನೋಡಿಕೊಳ್ಳುವ ಉಪಾಯ ಇದು.

ಹೇಗೆ? ಅನ್ನ ಆರಿದ ಮೇಲೆ ನೀರು ಹಾಕಿ ಮುಚ್ಚಿಟ್ಟರೆ, ಹಾಲನ್ನು ಮೊಸರು ಮಾಡುವ ಜಾತಿಯ ಸೂಕ್ಷ್ಮಜೀವಿಗಳು ಅದರಲ್ಲಿ ಬೆಳೆದು ಲ್ಯಾಕ್ಟಿಕ್ ಆಮ್ಲವನ್ನು ಉಂಟುಮಾಡುತ್ತವೆ. ಇಡ್ಲಿ ಹಿಟ್ಟು ಹುಳಿ ಬರುವುದೂ ಹೀಗೆಯೇ. ಹುಳಿ ಬಂದಲ್ಲಿ ಕೆಡಿಸುವ ಜೀವಿಗಳು ಸುಲಭವಾಗಿ ಬೆಳೆಯಲಾರವು. ಇನ್ನೊಂದು ಲಾಭವೂ ಇದೆ. ಅಕ್ಕಿಯಲ್ಲಿರುವ ಫೈಟೇಟ್ ಎಂಬ ವಸ್ತು ಕಬ್ಬಿಣದಂಥ ಖನಿಜಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಹುದುಗಿದಾಗ ಆ ಹಿಡಿತ ಸಡಿಲವಾಗಿ, ಖನಿಜ ನಮ್ಮ ದೇಹಕ್ಕೆ ಹೆಚ್ಚು ದಕ್ಕುತ್ತದೆ.

ಆದರೆ ಎಚ್ಚರವೂ ಬೇಕು. ನೀರು ಹಾಕದೆ, ಬಿಸಿ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ಮರೆತು ಬಿಟ್ಟ ಅನ್ನ ತಂಗಳನ್ನವಲ್ಲ. ಅದನ್ನು ತಿಂದರೆ ವಾಂತಿ, ಹೊಟ್ಟೆನೋವು ಖಂಡಿತ ಬರಬಹುದು. ಶುದ್ಧ ನೀರು, ಶುಚಿಯಾದ ಪಾತ್ರೆ ಇರಬೇಕು. ಕೆಟ್ಟ ವಾಸನೆ ಬಂದರೆ ಚೆಲ್ಲಬೇಕು. ತಂಗಳನ್ನ ಮಾಡುವ ಮಕ್ಕಳು ಹಿರಿಯರನ್ನು ಕೇಳಿಯೇ ಮಾಡಿ.

ಲೆಕ್ಕ ಹೀಗಾಯಿತು

ಅಂಕಗಳ ವಿಷಯಕ್ಕೆ ಬರೋಣ. ಜಸ್ಟಿನ್ 125, ಪೀಟ್ 124, ಕಿಶ್ವರ್ 114. ಒಂದೇ ಒಂದು ಅಂಕದಿಂದ ಜಸ್ಟಿನ್ ಗೆದ್ದ. ಬಹುಮಾನ 2,50,000 ಆಸ್ಟ್ರೇಲಿಯಾ ಡಾಲರ್. ಆಗಿನ ದರದಲ್ಲಿ ಸುಮಾರು 1 ಕೋಟಿ 40 ಲಕ್ಷ ರೂಪಾಯಿ. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಏನು ಬೆಲೆ ಎಂದು ಕೇಳುವ ಮೊಮ್ಮಕ್ಕಳಿಗೆ ಈ ಲೆಕ್ಕ ತೋರಿಸಬಹುದು! ಭಾರತೀಯ ಮೂಲದವರು ಗೆದ್ದದ್ದು ಇದು ಎರಡನೆಯ ಸಲ. 2018ರಲ್ಲಿ ಜೈಲಿನ ಅಧಿಕಾರಿಯಾಗಿದ್ದ ಶಶಿ ಚೆಲ್ಲಯ್ಯ ಫೈನಲ್‌ನಲ್ಲಿ ನೂರಕ್ಕೆ 93 ಅಂಕ ಪಡೆದು ಗೆದ್ದಿದ್ದರು.

ಕಿಶ್ವರ್‌ಗೆ ಮೂರನೆಯ ಸ್ಥಾನ. ಆದರೂ ಆ ಸರಣಿಯ ಮಾತು ಬಂದಾಗ ನಮ್ಮ ಕಡೆಯ ಬಹಳ ಜನ ಮೊದಲು ನೆನೆಯುವುದು ಅವರ ಅನ್ನವನ್ನೇ. ಗೆದ್ದವನ ಶ್ರಮ ಇದರಿಂದ ಕಡಿಮೆಯಾಗುವುದಿಲ್ಲ. ಒಬ್ಬ ಮಗ ತಾಯಿಯ ಕೈರುಚಿಯನ್ನು ಹಿಡಿದು ಮೊದಲನೆಯವನಾದ, ಒಬ್ಬ ತಾಯಿ ಮಕ್ಕಳಿಗಾಗಿ ಮನೆಯ ರುಚಿಯನ್ನು ಉಳಿಸಲು ಹೊರಟು ಮೂರನೆಯವಳಾದಳು. ಇಬ್ಬರದೂ ಒಂದೇ ಕೆಲಸ.

ಆ ಕೆಲಸ ನಮ್ಮ ಮನೆಗಳಲ್ಲಿ ಬಾಕಿ ಇದೆ. ನಮ್ಮ ಅಜ್ಜಿಯರ ಅಡುಗೆಯ ಅಳತೆ ಒಂದು ಹಿಡಿ, ಒಂದು ಚಿಟಿಕೆ, 'ಕಣ್ಣಳತೆಗೆ ಸಾಕಾಗುವಷ್ಟು'. ಆ ಕೈ ಹೋದರೆ ಅಳತೆಯೂ ಹೋಯಿತು. ಈ ರಜೆಯಲ್ಲಿ ಮಕ್ಕಳು ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಅಜ್ಜಿ ಹುಳಿಪುಡಿ ಹುರಿಯುವಾಗ ಪಕ್ಕದಲ್ಲಿ ಕುಳಿತು, ಅವರ ಹಿಡಿಯಲ್ಲಿರುವ ಕೊತ್ತಂಬರಿ ಬೀಜವನ್ನು ಪಾತ್ರೆಗೆ ಹಾಕುವ ಮುಂಚೆ ಲೋಟದಲ್ಲಿ ಅಳೆದುಕೊಳ್ಳಿ. ಎಡಗಡೆ ಸಾಮಾನು, ಬಲಗಡೆ ಅಳತೆ, ಕೆಳಗೆ ಯಾರಿಂದ ಕಲಿತದ್ದು, ಯಾವ ಊರಿನದು ಎಂದು ಬರೆಯಿರಿ. ಅಜ್ಜನಿಗೆ ಹಳೆಯ ಹೆಸರುಗಳು ನೆನಪಿರುತ್ತವೆ; ಅವರನ್ನೂ ಕೂರಿಸಿಕೊಳ್ಳಿ.

ಅಜ್ಜಿಯರೇ, 'ಅದೇನು ಮಹಾ, ಬರೆಯುವಂಥದ್ದು?' ಎನ್ನಬೇಡಿ. ನೀವು ಬಡತನದ ಊಟ ಎಂದು ಮಕ್ಕಳಿಂದ ಮುಚ್ಚಿಟ್ಟದ್ದನ್ನೂ ಹೇಳಿ, ಅದನ್ನೂ ಬರೆಸಿ. ತಿಂಗಳಿಗೆ ನಾಲ್ಕು ಪುಟ ಬರೆದರೆ ಎರಡು ವರ್ಷಕ್ಕೆ 96 ಪುಟ. ಉಳಿದ ನಾಲ್ಕು ಪುಟ ಮೊಮ್ಮಕ್ಕಳು ತಾವೇ ಕಂಡುಹಿಡಿದ ಅಡುಗೆಗೆ ಇರಲಿ.